ಡೆಂಗಿ: ಪ್ಲೇಟ್‌ಲೆಟ್ ಎಣಿಸುವ ಮೊದಲು ದಿನ ಎಣಿಸಿ

ಮುಂಗಾರು ಹಿಡಿದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕರ್ನಾಟಕದ ಊರೂರುಗಳಲ್ಲಿ ಒಂದೇ ಪ್ರಶ್ನೆ ಕೇಳಿಬರತೊಡಗುತ್ತದೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಜ್ವರ ಬಂದವರನ್ನು ನೋಡಲು ಬಂದ ನೆಂಟರು ಕೇಳುವುದೂ ಅದನ್ನೇ, ರಕ್ತಪರೀಕ್ಷೆಯ ವರದಿ ಕೈಗೆ ಸಿಕ್ಕೊಡನೆ ಮನೆಯವರು ಹುಡುಕುವುದೂ ಅದನ್ನೇ. ರಕ್ತ ಹೆಪ್ಪುಗಟ್ಟಲು ನೆರವಾಗುವ ಆ ಕಣಗಳ ಸಂಖ್ಯೆಗೆ ಅದರದೇ ಆದ ಬೆಲೆ ಇದೆ. ಆದರೆ ವೈದ್ಯರು ಅದಕ್ಕಿಂತ ಮೊದಲು ಕೇಳುವ ಪ್ರಶ್ನೆ ಬೇರೆ. ಜ್ವರ ಶುರುವಾಗಿ ಇವತ್ತಿಗೆ ಎಷ್ಟನೆಯ ದಿನ ಎಂಬುದು. ಯಾವ ಪರೀಕ್ಷೆ ಮಾಡಿಸಬೇಕು, ಮನೆಯಲ್ಲೇ ಇರಬಹುದೇ, ಯಾವಾಗ ಎಚ್ಚರ ಹೆಚ್ಚಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಸೊಳ್ಳೆಯ ನಿಯಂತ್ರಣವೂ ಅಷ್ಟೇ. ಸೊಳ್ಳೆಯಿಂದ ಹರಡುವ ವೈರಸ್ ರೋಗಗಳನ್ನು ಅರ್ಥಮಾಡಿಕೊಳ್ಳಲು ದಿನಗಳ ಈ ಸರಪಳಿಯನ್ನು ಹಿಡಿದು ಹೋಗುವುದೇ ಸುಲಭದ ದಾರಿ.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ನಮ್ಮ ಪಟ್ಟಣಗಳಲ್ಲಿ ಅವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದು ಮುಖ್ಯವಾಗಿ ಈಡಿಸ್ ಈಜಿಪ್ಟಿ ಜಾತಿಯ ಹೆಣ್ಣು ಸೊಳ್ಳೆ. ಮಲೆನಾಡು ಮತ್ತು ಕರಾವಳಿಯ ತೋಟಗಳ ಸುತ್ತ ಅದರ ದಾಯಾದಿ ಈಡಿಸ್ ಆಲ್ಬೋಪಿಕ್ಟಸ್ ಕೂಡ ಇದೇ ಕೆಲಸ ಮಾಡುತ್ತದೆ. ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುವ ಈ ಕಪ್ಪು ಸೊಳ್ಳೆಗಳು ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಾದ ನಂತರದ ಒಂದೆರಡು ಗಂಟೆ ಮತ್ತು ಹೊತ್ತು ಮುಳುಗುವ ಮುನ್ನ. ಸೋಂಕಿತ ವ್ಯಕ್ತಿಯ ರಕ್ತ ಹೀರಿದ ಸೊಳ್ಳೆ ಮರುದಿನವೇ ರೋಗ ಹರಡುವುದಿಲ್ಲ. ವೈರಸ್ಸು ಅದರ ಹೊಟ್ಟೆಯಿಂದ ಹೊರಟು ಜೊಲ್ಲುಗ್ರಂಥಿಯನ್ನು ತಲುಪಲು ಸುಮಾರು 8ರಿಂದ 12 ದಿನ ಬೇಕು. ಅಲ್ಲಿಂದ ಮುಂದೆ ಆ ಸೊಳ್ಳೆ ಸಾಯುವವರೆಗೂ ವೈರಸ್ಸನ್ನು ಹೊತ್ತೇ ಇರುತ್ತದೆ. ಕಚ್ಚುವಾಗ ಯಾರಾದರೂ ಕೈ ಬೀಸಿದರೆ ಹಾರಿಹೋಗಿ ಪಕ್ಕದವರನ್ನು ಕಚ್ಚುವುದರಿಂದ ಒಂದೇ ಊಟದ ಹೊತ್ತಿನಲ್ಲಿ ಇಬ್ಬರು ಮೂವರಿಗೆ ಸೋಂಕು ತಗುಲಿಸಬಲ್ಲದು. ಕಚ್ಚಿಸಿಕೊಂಡವರಿಗೆ ಜ್ವರ ಕಾಣಿಸಿಕೊಳ್ಳುವುದು ಮತ್ತೆ 4ರಿಂದ 10 ದಿನಗಳ ನಂತರ. ಅಂದರೆ ಒಂದು ಬೀದಿಯಲ್ಲಿ ಮೊದಲ ಪ್ರಕರಣ ಕಂಡು ಎರಡು ಮೂರು ವಾರದ ಮೇಲೆ ನಾಲ್ಕಾರು ಮನೆಗಳಲ್ಲಿ ಒಟ್ಟಿಗೇ ಜ್ವರ ಏಳುವುದು ಕಾಕತಾಳೀಯವೇನಲ್ಲ.

ಈ ಸೊಳ್ಳೆ ಚರಂಡಿಯ ಕೊಳಚೆಯಲ್ಲಿ ಹುಟ್ಟುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಚರಂಡಿಯಲ್ಲಿ ಹುಟ್ಟುವುದು ಬಹುಮಟ್ಟಿಗೆ ರಾತ್ರಿ ಕಾಡುವ ಕ್ಯೂಲೆಕ್ಸ್. ಈಡಿಸ್‌ಗೆ ಬೇಕಾದದ್ದು ತಿಳಿಯಾದ, ನಿಂತ ನೀರು, ಅದೂ ಮನುಷ್ಯರಿರುವ ಜಾಗದ ಪಕ್ಕದಲ್ಲೇ. ಮುಚ್ಚಳ ಸರಿಯಾಗಿ ಕೂರದ ಸಂಪು, ಬಚ್ಚಲಿನ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಹಿತ್ತಲಿಗೆ ಎಸೆದ ಒರಳುಕಲ್ಲು, ಪಂಕ್ಚರ್ ಅಂಗಡಿಯ ಮುಂದಿನ ಟೈರುಗಳ ರಾಶಿ, ಎಳನೀರಿನ ಬುರುಡೆ, ಕಟ್ಟಡ ಕಟ್ಟುವಲ್ಲಿ ಕ್ಯೂರಿಂಗ್‌ಗೆಂದು ನಿಲ್ಲಿಸಿದ ನೀರು, ಇವೆಲ್ಲ ಅದಕ್ಕೆ ಒಗ್ಗುತ್ತವೆ. ದಕ್ಷಿಣ ಕನ್ನಡದ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಹಾಲು ಹಿಡಿಯುವ ಚಿಪ್ಪಿನಲ್ಲಿ ನಿಂತ ಒಂದು ಬೊಗಸೆ ನೀರೂ ಸಾಕು. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರುಗಳಲ್ಲಿ ಮನೆ ಮಂದಿ ಕೊಡ, ಹಂಡೆ, ಬ್ಯಾರೆಲ್ಲುಗಳಲ್ಲಿ ನೀರು ತುಂಬಿಡದೆ ಬೇರೆ ದಾರಿಯಿಲ್ಲ. ಅಲ್ಲಿ ಡೆಂಗಿ ಹೆಚ್ಚಾದರೆ ಅದಕ್ಕೆ ಜನರ ಅಸಡ್ಡೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ನೀರು ಪೂರೈಕೆಯ ವೇಳಾಪಟ್ಟಿಯೂ ರೋಗದ ಕಾರಣಗಳಲ್ಲೊಂದು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ 7ರಿಂದ 10 ದಿನ ಸಾಕು. ವಾರಕ್ಕೊಂದು ದಿನ ಪಾತ್ರೆಗಳನ್ನೆಲ್ಲ ಬರಿದುಮಾಡಿ ಒಣಗಿಸಬೇಕೆಂದು ಆರೋಗ್ಯ ಇಲಾಖೆ ಹೇಳುವುದರ ಹಿಂದಿರುವ ಲೆಕ್ಕ ಇದೇ. ಹತ್ತು ಹನ್ನೆರಡು ದಿನಕ್ಕೊಮ್ಮೆ ಮಾಡಿದರೆ ನೀರು ಚೆಲ್ಲುವ ಹೊತ್ತಿಗೆ ಸೊಳ್ಳೆ ಹಾರಿಹೋಗಿರುತ್ತದೆ. ಆದರೆ ಬರಿದು ಮಾಡುವುದಷ್ಟೇ ಸಾಲದು ಎಂಬುದು ಅನೇಕರಿಗೆ ಗೊತ್ತಿಲ್ಲ. ಈಡಿಸ್ ಮೊಟ್ಟೆಯಿಡುವುದು ನೀರಿನ ಒಳಗಲ್ಲ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಯ ಮೇಲೆ. ಗಸಗಸೆಗಿಂತಲೂ ಸಣ್ಣದಾದ ಆ ಕಪ್ಪು ಮೊಟ್ಟೆಗಳು ಗೋಡೆಗೆ ಅಂಟಿಕೊಂಡು, ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ; ಮತ್ತೆ ನೀರು ಏರಿ ಮುಟ್ಟಿದೊಡನೆ ಒಡೆದು ಮರಿಯಾಗುತ್ತವೆ. ಆದ್ದರಿಂದ ಡ್ರಮ್ಮನ್ನು ಬೋರಲು ಹಾಕಿ ಬಿಡುವುದರಿಂದ ನೀರಿನಲ್ಲಿರುವ ಮರಿಗಳು, ಅಂದರೆ ಲಾರ್ವಾಗಳು, ಸಾಯುತ್ತವೆಯೇ ಹೊರತು ಮೊಟ್ಟೆಗಳು ಸಾಯುವುದಿಲ್ಲ. ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಗೋಡೆಯನ್ನು, ವಿಶೇಷವಾಗಿ ನೀರಿನ ಗೆರೆ ಕಾಣುವ ಜಾಗವನ್ನು, ಗಸಗಸನೆ ಉಜ್ಜಿ ತೊಳೆದು, ಆ ನೀರನ್ನು ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಬೇಕು.

ಬರಿದು ಮಾಡಲಾಗದ ಸಂಪಿನ ವಿಷಯ ಬೇರೆ. ಅಲ್ಲಿ ಆಶಾ ಕಾರ್ಯಕರ್ತೆಯರು ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಚ್ಚಳ ತೆಗೆದು, ನೀರನ್ನು ಕಲಕದೆ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಒಂದೆರಡು ನಿಮಿಷ ಕಾಯುತ್ತಾರೆ. ಬೆಳಕು ಬಿದ್ದೊಡನೆ ಕೆಳಗಿಳಿದ ಲಾರ್ವಾಗಳು ಉಸಿರಾಡಲು ಮತ್ತೆ ಮೇಲಕ್ಕೆ ಬರಲೇಬೇಕು. ಬಳುಕುತ್ತ ಬಂದು ತಲೆಕೆಳಗಾಗಿ ತೂಗುವ ಅವನ್ನು ಆಗ ಗುರುತಿಸಬಹುದು. ಕಂಡರೆ ಟೆಮಿಫಾಸ್ ಎಂಬ ಲಾರ್ವಾನಾಶಕವನ್ನು ನಿಗದಿತ ಪ್ರಮಾಣದಲ್ಲಿ ಹಾಕುತ್ತಾರೆ ಅಥವಾ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಬಿಡುತ್ತಾರೆ. ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ, ಎಷ್ಟು ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತೆಂಬ ಅವರ ಎಣಿಕೆಯಿಂದಲೇ ಒಂದು ಬಡಾವಣೆಯಲ್ಲಿ ರೋಗ ಏಳುವ ಸಂಭವವನ್ನು ಮೊದಲೇ ಅಂದಾಜಿಸುವುದು. ಅವರನ್ನು ಗೇಟಿನಾಚೆಯೇ ನಿಲ್ಲಿಸಿ ‘ನಮ್ಮ ಮನೇಲಿ ಸೊಳ್ಳೆ ಇಲ್ಲ’ ಎಂದು ಕಳಿಸುವ ದೊಡ್ಡ ಮನೆಗಳೇ ಆ ಎಣಿಕೆಯನ್ನು ಕೆಡಿಸುವುದು ಎಂಬ ಮಾತನ್ನೂ ಇಲ್ಲಿ ಹೇಳಲೇಬೇಕು.

ಇದು ಹೊಸ ಜ್ಞಾನವೂ ಅಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ಅದನ್ನು ಬರಿದುಮಾಡಿಸಿದಾಗ ಕೋಣೆಯ ಸೊಳ್ಳೆಕಾಟ ಇಳಿಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ಸಂಬಂಧವನ್ನು ಅವರು ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟಿದ್ದು 1897ರಲ್ಲಿ, ಅಂದರೆ ತೊಟ್ಟಿ ಬರಿದಾದ 14 ವರ್ಷಗಳ ಮೇಲೆ.

ಇಷ್ಟಾದರೂ ಜನ ಒತ್ತಾಯಿಸುವುದು ಕೀಟನಾಶಕದ ಹೊಗೆ ಬಿಡುವ ಫಾಗಿಂಗ್‌ಗೆ. ನಗರಸಭೆಗಳೂ ಅದನ್ನೇ ಮುಂದೆ ಮಾಡುತ್ತವೆ. ಹೊಗೆ ಕಣ್ಣಿಗೆ ಕಾಣುತ್ತದೆ, ಸದ್ದು ಕೇಳುತ್ತದೆ, ಏನೋ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಆದರೆ ಹೊಗೆ ಕೊಲ್ಲುವುದು ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನೊಳಗಿನ ಲಾರ್ವಾಗಳನ್ನು ಅದು ಮುಟ್ಟುವುದಿಲ್ಲ. ಈಡಿಸ್ ವಿಶ್ರಮಿಸುವುದು ಮನೆಯೊಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಗಳ ಮರೆಯಲ್ಲಿ. ಬೀದಿಯಲ್ಲಿ ಹೊಗೆ ಬರುವಾಗ ಕಿಟಕಿ ಬಾಗಿಲು ಮುಚ್ಚಿಕೊಳ್ಳುವುದು ನಮ್ಮೆಲ್ಲರ ರೂಢಿಯಾದ್ದರಿಂದ ಸೊಳ್ಳೆಗಳು ಒಳಗೆ ಸುರಕ್ಷಿತವಾಗಿಯೇ ಇರುತ್ತವೆ. ಪ್ರಕರಣ ಕಂಡ ಮನೆಯ ಸುತ್ತ ಸೋಂಕು ಹೊತ್ತ ಸೊಳ್ಳೆಗಳನ್ನು ಕೂಡಲೇ ತಗ್ಗಿಸಲು ಮನೆಯೊಳಗೆ ಸಿಂಪಡಿಸುವುದಕ್ಕೆ ಅರ್ಥವಿದೆ. ಅದರಾಚೆಗೆ ಫಾಗಿಂಗ್‌ನಿಂದ ಆಗುವ ಲಾಭ ಕೆಲವೇ ದಿನಗಳದ್ದು.

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದಾಗ ತಡೆಗಟ್ಟುವಿಕೆ ಮತ್ತು ಶುಶ್ರೂಷೆ ಎರಡೂ ಒಟ್ಟಿಗೇ ಆರಂಭವಾಗುತ್ತವೆ. ಜ್ವರಕ್ಕೆ ಒಂದೆರಡು ದಿನ ಮುಂಚಿನಿಂದ ಹಿಡಿದು ಜ್ವರ ಬಂದ ಸುಮಾರು ಐದು ದಿನಗಳವರೆಗೆ ರೋಗಿಯ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ. ಆ ದಿನಗಳಲ್ಲಿ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದಿನ ಸುತ್ತಿನ ವಾಹಕ. ಹಾಗಾಗಿ ರೋಗಿ ಹಗಲಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಬೇಕು. ಇದು ರೋಗಿಗಿಂತ ಹೆಚ್ಚಾಗಿ ಮನೆಯ ಉಳಿದವರಿಗಾಗಿ.

ಪರೀಕ್ಷೆಯ ಆಯ್ಕೆಯೂ ದಿನದ ಮೇಲೆಯೇ ನಿಂತಿದೆ. ವೈರಸ್ಸಿನದೇ ಪ್ರೋಟೀನನ್ನು ಪತ್ತೆಮಾಡುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಿಗೆ ತಕ್ಕದ್ದು. ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಐದನೆಯ ದಿನದ ನಂತರವೇ ನಂಬಲರ್ಹ. ಎರಡನೆಯ ದಿನ ಐಜಿಎಂ ಮಾಡಿಸಿ ‘ನೆಗೆಟಿವ್ ಬಂತು, ಡೆಂಗಿ ಅಲ್ಲ’ ಎಂದು ನಿಶ್ಚಿಂತರಾಗುವುದು ಅಪಾಯಕಾರಿ. ಈ ಎರಡನ್ನೂ ಮಾಡುವ ವಿಧಾನಗಳಲ್ಲಿ, ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗಿಂತ ಪ್ರಯೋಗಾಲಯದಲ್ಲಿ ಮಾಡುವ ಎಲೈಸಾ ಹೆಚ್ಚು ಖಚಿತ. ಕೀಟಗಳಿಂದ ಹರಡುವ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ದೃಢಪಟ್ಟ ಪ್ರಕರಣವೆಂದು ಒಪ್ಪುವುದು ಎಲೈಸಾ ಫಲಿತಾಂಶವನ್ನು. 2024ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಪ್ರಯೋಗಾಲಯಗಳಲ್ಲಿ ಈ ಎರಡು ಎಲೈಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯ ಮಿತಿ ಹಾಕಿತ್ತು.

ಸೋಂಕು ತಗುಲಿದ ಬಹುಪಾಲು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ, ಇದ್ದರೂ ಸಾಮಾನ್ಯ ಜ್ವರದಂತೆ ಬಂದು ಹೋಗುತ್ತದೆ. ಲಕ್ಷಣ ಕಾಣಿಸಿಕೊಂಡವರಲ್ಲಿ ರೋಗ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಎರಡರಿಂದ ಏಳು ದಿನ ತೀವ್ರ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ಮುರಿದಂತಾಗುವುದು. ಎರಡನೆಯದು ಅಪಾಯದ ಹಂತ, ಮತ್ತು ಅದು ಆರಂಭವಾಗುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಇಲ್ಲಿಯೇ ಮನೆಯವರು ಮೋಸಹೋಗುವುದು. ನಾಲ್ಕು ದಿನ ಸುಡುತ್ತಿದ್ದ ಮಗುವಿನ ಹಣೆ ಐದನೆಯ ದಿನ ತಣ್ಣಗಾದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಮಗು ಮಂಕಾಗಿ ಮಲಗಿದ್ದರೆ ಸುಸ್ತು ಎಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಒಳಗೆ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊಟ್ಟೆಯೊಳಕ್ಕೆ, ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಸೋರತೊಡಗಿರಬಹುದು. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಅದರ ಒಟ್ಟು ಪ್ರಮಾಣ ತಗ್ಗುತ್ತದೆ, ರಕ್ತದೊತ್ತಡ ಕುಸಿದು, ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಆಘಾತದ (ಶಾಕ್) ಸ್ಥಿತಿ ಬರುತ್ತದೆ. ಡೆಂಗಿಯಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಈ ಸೋರಿಕೆಯಿಂದ.

ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ. ಅಷ್ಟು ಹೊತ್ತು ರೋಗಿಯನ್ನು ದ್ರವದ ಬೆಂಬಲ ಕೊಟ್ಟು ದಾಟಿಸುವುದೇ ಚಿಕಿತ್ಸೆಯ ಸಾರ, ಏಕೆಂದರೆ ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ವೈದ್ಯರು ಈ ಹಂತದಲ್ಲಿ ಗಮನವಿಟ್ಟು ನೋಡುವ ಅಂಕಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳು ಆಕ್ರಮಿಸಿದ ಪಾಲು. ಅದು ರೋಗಿಯ ಮೂಲ ಮಟ್ಟಕ್ಕಿಂತ ಶೇ 20ರಷ್ಟು ಏರಿದರೆ ಪ್ಲಾಸ್ಮಾ ಸೋರುತ್ತಿದೆ ಎಂದರ್ಥ. ರಕ್ತದೊತ್ತಡದ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಆಘಾತ ಬಾಗಿಲಲ್ಲೇ ನಿಂತಿದೆ. ವರದಿಯ ಹಾಳೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಗಿಂತ ಸ್ವಲ್ಪ ಮೇಲೆಯೇ ಅಚ್ಚಾಗಿರುವ ಹೆಮಟೋಕ್ರಿಟ್‌ನ ಸಾಲನ್ನು ಮನೆಯವರೂ ಓದಲು ಕಲಿತರೆ ಒಳ್ಳೆಯದು.

ಆಸ್ಪತ್ರೆಗೆ ಹೊರಡಲೇಬೇಕಾದ ಸೂಚನೆಗಳು ಇವು: ನಿಲ್ಲದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಏದುಸಿರು, ಕೈಕಾಲು ತಣ್ಣಗಾಗಿ ಜಿಗುಟಾಗುವುದು, ಅತಿಯಾದ ಚಡಪಡಿಕೆ ಅಥವಾ ಮಂಪರು, ನಾಲ್ಕರಿಂದ ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು. ಇವು ಕಾಣದ, ಬಾಯಲ್ಲಿ ಚೆನ್ನಾಗಿ ಕುಡಿಯಬಲ್ಲ ರೋಗಿ ವೈದ್ಯರ ನಿಗಾದಲ್ಲಿ ಮನೆಯಲ್ಲೇ ಇರಬಹುದು. ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಏನಾದರೂ ಸರಿ, ಆಗಾಗ ಕುಡಿಯುತ್ತಿರಬೇಕು. ಆದರೆ ಗರ್ಭಿಣಿಯರು, ಕೈಗೂಸುಗಳು, ವೃದ್ಧರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರ ವಿಷಯದಲ್ಲಿ ಈ ಸಡಿಲಿಕೆ ಬೇಡ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತವೆ. ಮೈಕೈ ನೋವೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಮಾತ್ರೆಯ ಪೊಟ್ಟಣದ ಮೇಲೆ ಈ ಹೆಸರುಗಳಿವೆಯೇ ಎಂದು ನೋಡಬೇಕು. ‘ಒಂದು ಡ್ರಿಪ್ ಹಾಕಿಬಿಡಿ’ ಎಂದು ವೈದ್ಯರನ್ನು ಒತ್ತಾಯಿಸುವುದೂ ತಪ್ಪು. ಮೂರನೆಯ ಹಂತದಲ್ಲಿ, ಅಂದರೆ ಚೇತರಿಕೆಯ ಎರಡು ಮೂರು ದಿನಗಳಲ್ಲಿ, ಹೊರಗೆ ಸೋರಿದ ದ್ರವವೆಲ್ಲ ರಕ್ತನಾಳಕ್ಕೆ ಹಿಂದಿರುಗುತ್ತದೆ. ಆಗ ಅನಗತ್ಯವಾಗಿ ಏರಿಸಿದ ದ್ರವವೂ ಸೇರಿ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಇನ್ನು ಪ್ಲೇಟ್‌ಲೆಟ್. ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರಬೇಕಾದದ್ದು ಡೆಂಗಿಯಲ್ಲಿ ಹತ್ತಾರು ಸಾವಿರಕ್ಕೆ ಇಳಿಯುವುದು ಅಪರೂಪವಲ್ಲ. ಚೇತರಿಕೆಯ ಹಂತದಲ್ಲಿ ಅದು ತಾನಾಗಿಯೇ ಏರುತ್ತದೆ. ರಕ್ತಸ್ರಾವವಿಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸಿಂಗಪುರ ಮತ್ತು ಮಲೇಷ್ಯಾಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಖ್ಯೆ 20,000ದ ಒಳಗಿದ್ದ ವಯಸ್ಕರಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟಿದ್ದರಿಂದ ರಕ್ತಸ್ರಾವ ತಗ್ಗಲಿಲ್ಲ, ಬದಲಿಗೆ ಅಡ್ಡಪರಿಣಾಮಗಳು ಹೆಚ್ಚಾದವು. ಪಪ್ಪಾಯಿ ಎಲೆಯ ರಸದ ಬಗ್ಗೆಯೂ ಒಂದು ಮಾತು: ಅದು ಪ್ಲೇಟ್‌ಲೆಟ್ ಸಂಖ್ಯೆಯನ್ನು ಏರಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿದರೂ ಪ್ಲಾಸ್ಮಾ ಸೋರಿಕೆಯನ್ನು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ. ಮೊದಲೇ ವಾಂತಿಯಾಗುತ್ತಿರುವ ಮಗುವಿಗೆ ಆ ಕಹಿಯನ್ನು ಬಲವಂತದಿಂದ ಕುಡಿಸಿದರೆ ಒಳಗಿದ್ದ ನೀರೂ ಹೊರಬರುತ್ತದೆ.

ಒಮ್ಮೆ ಡೆಂಗಿ ಬಂದವರಿಗೆ ಆ ಒಂದು ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಆದರೆ ಮುಂದೆ ಬೇರೆ ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳು ವೈರಸ್ಸನ್ನು ತಡೆಯಲಾರದೆ, ಅದು ಜೀವಕೋಶಗಳೊಳಗೆ ನುಗ್ಗಲು ನೆರವಾಗಿಬಿಡುತ್ತವೆ; ಎರಡನೆಯ ಸಲದ ಡೆಂಗಿ ಹೆಚ್ಚು ಉಗ್ರವಾಗಬಹುದಾದ್ದು ಇದರಿಂದ. ಲಸಿಕೆಯ ಹಾದಿ ಕಷ್ಟವಾದದ್ದೂ ಇದರಿಂದಲೇ. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಡೆಂಗ್ವ್ಯಾಕ್ಸಿಯಾ ಎಂಬ ಲಸಿಕೆಯನ್ನು ಶಾಲಾ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಕೊಡಲಾಯಿತು. ಮೊದಲು ಡೆಂಗಿ ಬಾರದ ಮಕ್ಕಳಲ್ಲಿ ಅದು ಮುಂದಿನ ಸೋಂಕನ್ನು ಉಗ್ರಗೊಳಿಸಬಹುದೆಂದು 2017ರ ಕೊನೆಗೆ ಗೊತ್ತಾಗಿ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಭಾರತದಲ್ಲಿ ಪ್ಯಾನೇಷಿಯಾ ಬಯೋಟೆಕ್ ಕಂಪನಿ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಒಂದೇ ಡೋಸಿನ ‘ಡೆಂಗಿಆಲ್’ ಲಸಿಕೆಯ ಮೂರನೆಯ ಹಂತದ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲಿ ಆರಂಭಿಸಿದವು. ಸೊಳ್ಳೆಯನ್ನೇ ಬದಲಿಸುವ ಪ್ರಯತ್ನವೂ ಇದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿದ ಈಡಿಸ್ ಸೊಳ್ಳೆಯಲ್ಲಿ ವೈರಸ್ಸು ಬೆಳೆಯಲು ಕಷ್ಟಪಡುತ್ತದೆ. ಇಂಡೊನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಅಂಥ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಪ್ರಕರಣಗಳು ಶೇ 77ರಷ್ಟು ಕಡಿಮೆಯಾದವು. ಪುದುಚೇರಿಯಲ್ಲಿರುವ ಐಸಿಎಂಆರ್ ಸಂಸ್ಥೆಯೂ ಇಂಥ ಸೊಳ್ಳೆಗಳನ್ನು ಬೆಳೆಸಿದೆ.

ಇದೇ ಈಡಿಸ್ ಹರಡುವ ಚಿಕುನ್‌ಗುನ್ಯಾವನ್ನು ಕರ್ನಾಟಕ ಮರೆಯುವಂತಿಲ್ಲ. 2006ರ ಹಾವಳಿಯಲ್ಲಿ ನಮ್ಮ ರಾಜ್ಯವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಪ್ರಾಣಾಪಾಯ ಕಡಿಮೆಯಾದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು; ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಅದಕ್ಕೂ ನೋವಿನ ಮಾತ್ರೆ ಪ್ಯಾರಾಸಿಟಮಾಲ್ ಒಂದೇ. ಝೀಕಾ ಕೂಡ ಇದೇ ಸೊಳ್ಳೆಯದು. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಲ್ಲಿ ರಾಜ್ಯದ ಮೊದಲ ಪ್ರಕರಣ ಪತ್ತೆಯಾಯಿತು. ಮರುವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ವೈರಸ್ಸು ಕಂಡಿತು. ಬೇರೆಯವರಿಗೆ ಸೌಮ್ಯವಾದ ಈ ಸೋಂಕು ಗರ್ಭಿಣಿಯರಿಗೆ ತಗುಲಿದರೆ ಶಿಶುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಸೊಳ್ಳೆಯಿಂದ ಬರುವ ಮಿದುಳು ಜ್ವರದ ದಾರಿ ಬೇರೆಯದೇ. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟಿ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ವೈರಸ್ಸು ಬೆಳೆಯುವುದು ಹಂದಿ ಮತ್ತು ಬೆಳ್ಳಕ್ಕಿಗಳ ಮೈಯಲ್ಲಿ. ಮನುಷ್ಯನಿಂದ ಅದು ಮುಂದೆ ಹರಡುವುದಿಲ್ಲವಾದ್ದರಿಂದ ಡೆಂಗಿಯಂತೆ ರೋಗಿಯ ಸುತ್ತ ಸೊಳ್ಳೆ ಹುಡುಕಿ ಪ್ರಯೋಜನವಿಲ್ಲ. ಲಕ್ಷಣ ತೀವ್ರವಾದ ಮಕ್ಕಳಲ್ಲಿ ಸಾವಿನ ಪ್ರಮಾಣ ಹೆಚ್ಚು, ಬದುಕಿದವರಲ್ಲೂ ಹಲವರಿಗೆ ನರಗಳ ಊನ ಉಳಿಯುತ್ತದೆ. ಆದರೆ ಇದಕ್ಕೆ ಲಸಿಕೆ ಇದೆ. ರೋಗಪೀಡಿತ ಜಿಲ್ಲೆಗಳಲ್ಲಿ ಮಕ್ಕಳಿಗೆ 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸನ್ನು ಉಚಿತವಾಗಿ ಕೊಡುತ್ತಾರೆ. ಭಾರತದಲ್ಲೇ ತಯಾರಾದ ಜೆನ್‌ವ್ಯಾಕ್ ಲಸಿಕೆಗೆ ಮೂಲವಾದ ವೈರಸ್ಸನ್ನು ಬೇರ್ಪಡಿಸಿದ್ದು ನಮ್ಮ ಕೋಲಾರದಲ್ಲಿ. (ಮಂಗನ ಕಾಯಿಲೆಯನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ, ಅದು ಉಣ್ಣೆ ಹುಳುವಿನಿಂದ ಬರುವುದು, ಸೊಳ್ಳೆಯಿಂದಲ್ಲ.)

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಆಸ್ಪದ ಕೊಟ್ಟವರಿಗೆ ದಂಡ ಗೊತ್ತುಮಾಡಿತು: ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ, ನಿರ್ಮಾಣ ಸ್ಥಳಗಳಿಗೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000. ಕೋಟಿಗಟ್ಟಲೆಯ ಅಪಾರ್ಟ್‌ಮೆಂಟ್ ಕಟ್ಟುವವರಿಗೆ 2,000 ರೂಪಾಯಿ ಯಾವ ಲೆಕ್ಕವೂ ಅಲ್ಲ ಎಂಬುದು ಒಂದು ಕೊರತೆ. ಇನ್ನೊಂದು, ಅದು ಬಂದ ಹೊತ್ತು. ಪ್ರಕರಣಗಳು ಜೂನ್, ಜುಲೈಗಳಲ್ಲೇ ಏರಿದ್ದವು. ಅಧಿಸೂಚನೆ ಹೊರಬಿದ್ದಾಗ ಆಗಸ್ಟ್ ಮುಗಿದಿತ್ತು. ಹಿಂದಿನ ವರ್ಷದ ಮೊಟ್ಟೆಗಳು ಬೇಸಿಗೆಯಿಡೀ ಒಣ ತೊಟ್ಟಿಯ ಗೋಡೆಯ ಮೇಲೆಯೇ ಕಾದು ಕುಳಿತಿರುವುದರಿಂದ, ಮನೆಯಲ್ಲಾಗಲಿ ನಗರಸಭೆಯಲ್ಲಾಗಲಿ ತೊಟ್ಟಿ ಉಜ್ಜುವ, ಟೈರು ಎತ್ತಿಸುವ, ಸಂಪಿನ ಮುಚ್ಚಳ ಸರಿಪಡಿಸುವ ಕೆಲಸಗಳೆಲ್ಲ ಮೊದಲ ಮಳೆ ಬೀಳುವುದಕ್ಕೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ ಮುಗಿದಿರಬೇಕು.